ಎರಡು ಗಂಟೆಗೆ ನೀರು ಖಾಲಿ

ತಮ್ಮ ನನಗಿಂತ ಮೊದಲೇ ರಸ್ತೆ ದಾಟಿದ. ಹೆಗಲ ಮೇಲೆ ಟವೆಲ್, ಹಣೆ ಮೇಲೆ ಈಜು ಗಾಗಲ್, ಕಾಲಲ್ಲಿ ಹೊಸ ಹವಾಯಿ. ನಾನು ರೂಮಿಗೆ ಬೀಗ ಹಾಕಿ ಬರುವಷ್ಟರಲ್ಲಿ ದಡದ ಕಟ್ಟೆ ಹತ್ತಿ ನಿಂತಿದ್ದ. ಹತ್ತಿರ ಹೋದೆ. ನನ್ನ ಕಡೆ ತಿರುಗದೆ ಕೇಳಿದ: "ಸಮುದ್ರ ಎಲ್ಲಿ?"

ಸಮುದ್ರ ಇತ್ತು. ದೂರದಲ್ಲಿ, ತೆಳ್ಳಗೆ, ಬೆಳ್ಳಿ ಗೆರೆಯ ಹಾಗೆ. ಅದಕ್ಕೂ ನಮಗೂ ನಡುವೆ ಇದ್ದದ್ದು ಬರೀ ಬೂದು ಬಣ್ಣದ ಕೆಸರು. ಅಲ್ಲಲ್ಲಿ ಕಲ್ಲು, ಸತ್ತ ಹವಳದ ತುಂಡು, ಪಾಚಿ. ಉತ್ತು, ನೀರು ಕಟ್ಟಿ, ನಾಟಿ ಮಾಡದೆ ಬಿಟ್ಟ ಗದ್ದೆ ಇರುತ್ತದಲ್ಲ, ಹಾಗೆ. ಆ ಗದ್ದೆ ತುಂಬ ದೋಣಿಗಳು. ಎಲ್ಲವೂ ಒಂದೊಂದು ಪಕ್ಕಕ್ಕೆ ವಾಲಿ, ಉಂಡು ಮಲಗಿದ ಎತ್ತುಗಳ ಹಾಗೆ ಬಿದ್ದುಕೊಂಡಿದ್ದವು. ಒಂದು ನಾಯಿ ದೋಣಿಯಿಂದ ದೋಣಿಗೆ ಮೂಸುತ್ತಾ ಹೋಗುತ್ತಿತ್ತು. ಸಮುದ್ರದ ನಡುವೆ ನಾಯಿ.

ಊರು ರವಾಯ್. ಥಾಯ್ಲೆಂಡಿನ ಫುಕೆಟ್ ದ್ವೀಪದ ದಕ್ಷಿಣ ತುದಿ. ಫುಕೆಟ್ ಪಟ್ಟಣದಿಂದ ಸುಮಾರು 15 ಕಿಲೋಮೀಟರ್. ನಾವು ಬುಕ್ ಮಾಡಿದ ರೂಮಿನ ಜಾಹೀರಾತಿನಲ್ಲಿ ನೀಲಿ ನೀರು ಇದೇ ಕಟ್ಟೆಗೆ ಬಂದು ಬಡಿಯುತ್ತಿತ್ತು. 'ಬೀಚಿಗೆ 2 ನಿಮಿಷ' ಅಂತ ಬರೆದಿತ್ತು. ಸುಳ್ಳೇನಲ್ಲ. ಬೀಚಿಗೆ ಎರಡೇ ನಿಮಿಷ. ನೀರಿಗೆ ಎಷ್ಟು ನಿಮಿಷ ಅಂತ ಅವರು ಬರೆದಿರಲಿಲ್ಲ, ನಾವೂ ಕೇಳಿರಲಿಲ್ಲ. ಫೋಟೋ ತೆಗೆದವನು ಹೊತ್ತು ನೋಡಿ ತೆಗೆದಿದ್ದ, ಅಷ್ಟೇ.

ರೂಮಿನ ಕೆಳಗೆ ಕೌಂಟರಿನಲ್ಲಿ ಕೂತಿದ್ದ ಹೆಂಗಸು ನಮ್ಮ ಮುಖ ನೋಡಿ ನಕ್ಕಳು. ದಿನಾ ಯಾರೋ ಒಬ್ಬರು ಹೀಗೆ ಟವೆಲ್ ಹೊದ್ದು ವಾಪಸ್ ಬರುತ್ತಾರೆ ಅಂತ ಕಾಣುತ್ತೆ. "ರವಾಯ್ ನೋ ಸ್ವಿಮ್," ಅಂದಳು. "ರವಾಯ್ ಬೋಟ್. ಸ್ವಿಮ್, ನಾಯ್ ಹಾರ್ನ್." ಕೈಯನ್ನು ಗುಡ್ಡದ ಕಡೆ ಬೀಸಿದಳು. ನಾಯ್ ಹಾರ್ನ್ ಅನ್ನುವುದು ಗುಡ್ಡದ ಆಚೆ ಇರುವ ಬಿಳಿ ಮರಳಿನ ಬೀಚ್. ಸ್ಕೂಟರಿನಲ್ಲಿ ಹೋದರೆ ಹತ್ತು ನಿಮಿಷ. ರೂಮ್ ಬದಲಾಯಿಸೋಣ ಅಂತ ತಮ್ಮ. ದುಡ್ಡು ಕಟ್ಟಿ ಆಗಿದೆ ಅಂತ ನಾನು. ಸಿಟ್ಟಿಗೆ ಬಿಯರ್ ಆದರೂ ಕುಡಿಯೋಣ ಅಂತ ಅಂಗಡಿಗೆ ಹೋದ. ಅದೂ ಸಿಗಲಿಲ್ಲ. ಅವತ್ತು ಮಾಘ ಹುಣ್ಣಿಮೆ. ಅಲ್ಲಿ ಅದಕ್ಕೆ 'ಮಾಖಾ ಬುಚಾ' ಅನ್ನುತ್ತಾರೆ. ನಮ್ಮ ಮಾಘ ಪೂಜೆಯೇ ಆ ನಾಲಿಗೆಯ ಮೇಲೆ ಹಾಗಾಗಿದೆ. ಬೌದ್ಧರ ದೊಡ್ಡ ಹಬ್ಬ. ಅಂಗಡಿಯಲ್ಲಿ ಬಿಯರ್ ಕಪಾಟಿಗೆ ಬಟ್ಟೆ ಮುಚ್ಚಿದ್ದರು. ತಮ್ಮ ರೂಮಿಗೆ ಹೋಗಿ ಮಲಗಿದ.

ನಾನು ಪ್ಯಾಂಟ್ ಮಡಚಿ ಕೆಸರಿಗೆ ಇಳಿದೆ.

ದೋಣಿಯ ಹೊಟ್ಟೆಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತೇಲುವ ದೋಣಿ ತನ್ನ ಅರ್ಧ ಮೈಯನ್ನು ಯಾವಾಗಲೂ ಬಚ್ಚಿಟ್ಟುಕೊಂಡಿರುತ್ತದೆ. ಇಲ್ಲಿ ಎಲ್ಲ ಬಯಲು. ಹಲಗೆಗಳ ಸಂದಿಗೆ ತುಂಬಿದ ಮೇಣದಂಥ ಮಸಾಲೆ ಬೆರಳಿಗೆ ತಾಗುತ್ತಿತ್ತು. ಮೇಲೆ ಹಸಿರು ಬಣ್ಣ, ಕೆಳಗೆ ಕೆಂಪು, ಅದರ ಮೇಲೆ ಸುಣ್ಣದ ಚುಕ್ಕೆಗಳ ಹಾಗೆ ಅಂಟಿಕೊಂಡ ಚಿಪ್ಪುಹುಳುಗಳು. ಹಗ್ಗ ಸಡಿಲ ಬಿದ್ದು ಕೆಸರಿನ ಮೇಲೆ ಹಾವಿನ ಹಾಗೆ ಹರಿದಿತ್ತು. ಅದರ ತುದಿಯಲ್ಲಿ ಲಂಗರು. ನೀರೇ ಇಲ್ಲದ ಕಡೆ ಲಂಗರು ಹಾಕಿಕೊಂಡು ಮಲಗಿದ ದೋಣಿ ನೋಡಿದರೆ ನಗು ಬರುತ್ತದೆ, ಅಲ್ವಾ?

ಈ ದೋಣಿಗಳಿಗೆ ಥಾಯ್ ಭಾಷೆಯಲ್ಲಿ 'ರುವಾ ಹಾಂಗ್ ಯಾವ್' ಅಂತ ಹೆಸರು. ಉದ್ದ ಬಾಲದ ದೋಣಿ ಅಂತ ಅರ್ಥ. ಬಾಲ ಅಂದರೆ ಎಂಜಿನ್ನು. ಕಾರಿನದ್ದೋ ಲಾರಿಯದ್ದೋ ಡೀಸೆಲ್ ಎಂಜಿನ್ ಒಂದನ್ನು ಹಿಂಬದಿಯಲ್ಲಿ ಒಂದು ಗೂಟದ ಮೇಲೆ ತಕ್ಕಡಿಯ ಹಾಗೆ ಕೂರಿಸಿರುತ್ತಾರೆ. ಅದಕ್ಕೆ ಉದ್ದನೆಯ ಕಬ್ಬಿಣದ ಕೋಲು, ಆ ಕೋಲಿನ ತುದಿಗೆ ಅಂಗೈಗಿಂತ ಸ್ವಲ್ಪ ದೊಡ್ಡ ಫ್ಯಾನು. ಈ ಕಡೆ ಹಿಡಿ ಒತ್ತಿದರೆ ಆ ಕಡೆ ಫ್ಯಾನು ನೀರಿನಿಂದ ಮೇಲೇಳುತ್ತದೆ. ಹಿಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ದೋಣಿ ತಿರುಗುತ್ತದೆ. ಬೇರೆ ಚುಕ್ಕಾಣಿ ಬೇಕಿಲ್ಲ. ಮಾಮೂಲಿ ಬೋಟಿನ ಫ್ಯಾನು ದೋಣಿಯ ಕೆಳಗೆ ಆಳದಲ್ಲಿರುತ್ತದೆ, ನೆಲ ಸಿಕ್ಕರೆ ಮುಗೀತು. ಇದು ಹಾಗಲ್ಲ. ಮೊಣಕಾಲುದ್ದ ನೀರಿದ್ದರೂ ಮೇಲೆ ಮೇಲೆ ಕಡೆಯುತ್ತಾ ಹೋಗುತ್ತದೆ. ಸದ್ದು ಮಾತ್ರ ದೇವರಿಗೇ ಪ್ರೀತಿ.

ದೋಣಿಯ ಮೂತಿಗೆ ಬಣ್ಣಬಣ್ಣದ ಬಟ್ಟೆ ಸುತ್ತಿ ಹೂವಿನ ಹಾರ ಹಾಕಿದ್ದರು. ದೋಣಿ ಕಾಯುವ ತಾಯಿಗೆ ಅದು. 'ಮೇ ಯಾ ನಾಂಗ್' ಅಂತ ಅವಳ ಹೆಸರು. ಅವಳು ಮೂತಿಯಲ್ಲೇ ಇರುತ್ತಾಳೆ ಅಂತ ನಂಬಿಕೆ. ಅದಕ್ಕೇ ಮೂತಿಯನ್ನು ಯಾರೂ ತುಳಿಯುವುದಿಲ್ಲ. ಮಾರನೇ ದಿನ ಫೋಟೋಗೆ ಅಂತ ತಮ್ಮ ಅಲ್ಲಿ ಕಾಲಿಟ್ಟು ಬೈಸಿಕೊಂಡ. ಅದು ಆಮೇಲೆ.

ಸ್ವಲ್ಪ ದೂರದಲ್ಲಿ ಇಬ್ಬರು ಹೆಂಗಸರು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಏನೋ ಕುಟ್ಟುತ್ತಿದ್ದರು. ಕೈಯಲ್ಲಿ ಚಿಕ್ಕ ಕಬ್ಬಿಣದ ಕೊಕ್ಕೆ, ಪಕ್ಕದಲ್ಲಿ ಪ್ಲಾಸ್ಟಿಕ್ ಬಕೆಟ್ಟು. ಕಲ್ಲಿಗೆ ಅಂಟಿದ ಸಣ್ಣ ಸಿಂಪಿಗಳ ಮುಚ್ಚಳ ಒಡೆದು ಒಳಗಿನ ಮಾಂಸ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದರು. ಟಕ್, ಟಕ್, ಚುಳ್. ಒಂದೊಂದು ಚೂರು ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಬಕೆಟ್ಟಿನ ತಳ ಇನ್ನೂ ಮುಚ್ಚಿರಲಿಲ್ಲ. ಅವರು ತಲೆ ಎತ್ತಲಿಲ್ಲ. ಪಕ್ಕದಲ್ಲಿ ಮಡಚಿದ ಪ್ಯಾಂಟಿನಲ್ಲಿ ನಿಂತ ನಾನು ಅವರ ಕೆಲಸದ ಜಾಗದಲ್ಲಿ ಸುಮ್ನೆ ಓಡಾಡುತ್ತಿದ್ದೇನೆ ಅಂತ ಆಗ ಅನ್ನಿಸಿತು. ಯಾರದ್ದೋ ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ನುಗ್ಗಿದ ಹಾಗೆ.

ರಾತ್ರಿ ಮಲಗಿಕೊಂಡು ಇದನ್ನೇ ಯೋಚಿಸಿದೆ. ಕನ್ನಡದಲ್ಲಿ ದಡಕ್ಕೆ ಎಷ್ಟೊಂದು ಹೆಸರಿದೆ ನೋಡಿ. ರೇವು, ದಕ್ಕೆ, ಬಂದರು, ಅಳಿವೆ. ಹೆಚ್ಚಿನವು ದೋಣಿಗೋ ಮೀನಿಗೋ ಸಂಬಂಧಪಟ್ಟವು. ಚಡ್ಡಿ ಹಾಕಿಕೊಂಡು ನೀರಿಗೆ ಹಾರುವ ದಡಕ್ಕೆ ಅಂತ ನಮ್ಮಲ್ಲಿ ಬೇರೆ ಮಾತೇ ಇರಲಿಲ್ಲ. ಅದಕ್ಕೆ 'ಬೀಚ್' ತಂದುಕೊಂಡೆವು. ಬಂದರು ಕೂಡ ಫಾರಸಿಯಿಂದ ಬಂದದ್ದೇ ಅನ್ನಿ. ಆದರೆ ಅದು ದೋಣಿ ಹತ್ತಿ ಬಂತು.

ಉಬ್ಬರ ಇಳಿತ ನಮಗೆ ಶಾಲೆಯ ಪಾಠ. ಚಂದ್ರ ಎಳೆಯುತ್ತಾನೆ, ನೀರು ಏಳುತ್ತದೆ, ಎರಡು ಅಂಕ. ಬರೆದು ಮರೆತಿದ್ದೆವು. ರವಾಯ್‌ನಲ್ಲಿ ಅದೇ ಊರಿನ ಗಡಿಯಾರ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ತುಂಬಿದ್ದು ಪೂರ್ತಿ ಇಳಿಯೋಕೆ ಆರು ಗಂಟೆಯ ಮೇಲೆ ಸ್ವಲ್ಪ. ಮಾರನೇ ದಿನ ಅದೇ ಆಟ ಸುಮಾರು 50 ನಿಮಿಷ ತಡವಾಗಿ ಶುರು. ಹುಣ್ಣಿಮೆ, ಅಮಾವಾಸ್ಯೆ ಬಂದಾಗ ಸೂರ್ಯ ಚಂದ್ರ ಒಂದೇ ಸಾಲಿನಲ್ಲಿ ನಿಂತು ಎಳೆಯುವುದರಿಂದ ಏರಿಳಿತ ಜೋರು. ಫುಕೆಟ್ ಸುತ್ತಮುತ್ತ ಆಗ ನೀರು 2 ಮೀಟರಿಗೂ ಜಾಸ್ತಿ ಇಳಿಯುತ್ತದೆ. ಕಡಿದಾದ ದಡದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ನೀರು ಹತ್ತಿಪ್ಪತ್ತು ಹೆಜ್ಜೆ ಹಿಂದೆ ಹೋಗುತ್ತದೆ. ರವಾಯ್ ತಟ್ಟೆಯ ಹಾಗೆ ಚಪ್ಪಟೆ. 100 ಮೀಟರ್ ನಡೆದರೆ 1 ಮೀಟರ್ ಇಳಿಯುವಂಥ ನೆಲದಲ್ಲಿ ನೀರು 2 ಮೀಟರ್ ಕೆಳಗಾಯಿತು ಅಂದರೆ 200 ಮೀಟರ್ ದೂರ ಹೋಯಿತು ಅಂತ ಲೆಕ್ಕ. ನಾವು ಸರಿಯಾಗಿ ಹುಣ್ಣಿಮೆ ಹುಡುಕಿಕೊಂಡು ಬಂದಿದ್ದೆವು.

ಕೆಸರಿನ ಕತೆಯೂ ಸ್ವಾರಸ್ಯವಾಗಿದೆ. ಫುಕೆಟ್ಟಿನ ಪಶ್ಚಿಮ ಬದಿ ಅಂಡಮಾನ್ ಸಮುದ್ರಕ್ಕೆ ಎದೆಯೊಡ್ಡಿ ನಿಂತಿದೆ. ಪಾತೊಂಗ್, ಕರೋನ್, ಕಾತಾ, ನಾಯ್ ಹಾರ್ನ್, ಹೆಸರುವಾಸಿ ಬೀಚುಗಳೆಲ್ಲ ಆ ಕಡೆಯವೇ. ಮೇ ತಿಂಗಳಿಂದ ಅಕ್ಟೋಬರ್ ತನಕ ನೈಋತ್ಯ ಮಳೆಗಾಳಿಯ ಅಲೆಗಳು ನೇರ ಅಲ್ಲಿಗೆ ಬಂದು ಅಪ್ಪಳಿಸುತ್ತವೆ. ಅಲೆ ಸಣ್ಣ ಕೆಸರನ್ನೆಲ್ಲ ತೊಳೆದು, ಮರಳನ್ನು ಉಳಿಸಿ ಹೋಗುತ್ತದೆ. ಮಳೆಗಾಲದಲ್ಲಿ ಅದೇ ಚಂದದ ಬೀಚಿನಲ್ಲಿ ಕೆಂಪು ಬಾವುಟ ಹಾರುತ್ತದೆ. ಈಜಲು ಇಳಿದವರನ್ನು ಒಳಗೆಳೆದುಕೊಳ್ಳುವ ಸೆಳೆತ ಅಲ್ಲಿ. ರವಾಯ್ ಆ ಗುಡ್ಡಗಳ ಬೆನ್ನ ಹಿಂದೆ ಅಡಗಿ ಕೂತಿದೆ. ಎದುರಿಗೆ, ಪಕ್ಕಕ್ಕೆ ಕೋ ಬಾನ್, ಕೋ ಹೇ, ಕೋ ಲೋನ್ ಅಂತ ದ್ವೀಪಗಳು. ದೊಡ್ಡ ಅಲೆ ಒಳಗೆ ಬರೋಕೆ ದಾರಿಯೇ ಇಲ್ಲ. ಅಲೆ ತೊಳೆಯದ ಕಡೆ ಕೆಸರು ಕೂರುತ್ತದೆ. ಅಲೆ ಹೊಡೆಯದ ಕಡೆ ದೋಣಿ ಕಟ್ಟಬಹುದು. ನಮ್ಮ ತಮ್ಮ ಬೈದುಕೊಂಡ ಕೆಸರೂ, ಅಲ್ಲಿನವರು ನಿಶ್ಚಿಂತೆಯಿಂದ ದೋಣಿ ಬಿಟ್ಟು ಮನೆಗೆ ಹೋಗಿ ಮಲಗುವುದೂ ಒಂದೇ ಕಾರಣಕ್ಕೆ.

ಬೆಳಿಗ್ಗೆ ಎದ್ದು ನೋಡಿದರೆ ಸಮುದ್ರ ವಾಪಸ್ ಬಂದಿತ್ತು. ಜಾಹೀರಾತಿನಲ್ಲಿದ್ದ ಹಾಗೇ, ನೀಲಿ. ನಿನ್ನೆ ಮಲಗಿದ್ದ ದೋಣಿಗಳೆಲ್ಲ ಎದ್ದು ಮೂತಿ ಕುಣಿಸುತ್ತಾ ನಿಂತಿದ್ದವು. ತಮ್ಮನಿಗೆ ಮತ್ತೆ ಆಸೆ. ಈಗ ಇಳಿಯೋಣ ಅಂದ. ಹತ್ತು ಹೆಜ್ಜೆ ಹೋಗಿ ವಾಪಸ್ ಬಂದ. ನೀರು ಬಂದರೂ ಕಲ್ಲು ಎಲ್ಲಿಗೆ ಹೋಗುತ್ತದೆ? ಕಾಲಿಟ್ಟ ಕಡೆಯೆಲ್ಲ ಚೂಪು. ಅದರ ಮೇಲೆ ನಿಮಿಷಕ್ಕೊಂದು ದೋಣಿ ಗರಗರ ಅಂತ ಪಕ್ಕದಲ್ಲೇ ಹಾಯುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕ್ರಿಕೆಟ್ ಆಡಲು ಹೋದ ಹಾಗಾಯಿತು.

ಹಾಗಾದರೆ ದೋಣಿಯನ್ನೇ ಹಿಡಿಯೋಣ ಅಂತಾಯಿತು. ದಡದಲ್ಲಿ ದೋಣಿಯವರು ಬೋರ್ಡ್ ಹಾಕಿಕೊಂಡು ಕೂತಿರುತ್ತಾರೆ. ಕೋ ಹೇ ಇಷ್ಟು, ಕೋ ಕೇವ್ ಇಷ್ಟು. ಕೋ ಕೇವ್‌ನಲ್ಲಿ ಬುದ್ಧನ ಹೆಜ್ಜೆ ಗುರುತೂ ಭಿಕ್ಕುಗಳ ಮಠವೂ ಇದೆಯಂತೆ, ನಾನು ಅಲ್ಲಿಗೆ ಅಂದೆ. ತಮ್ಮ ಗಾಗಲ್ ತೋರಿಸಿದ. ಸರಿ, ಎಲ್ಲಕ್ಕಿಂತ ಹತ್ತಿರದ ಕೋ ಬಾನ್. ದೋಣಿಗೆ 1200 ಬಾತ್ ಅಂದ ಒಬ್ಬ. ಐವತ್ತು ದಾಟಿದ ಮನುಷ್ಯ, ಬಿಸಿಲಿಗೆ ತಾಮ್ರವಾದ ಮುಖ, ಬಾಯಲ್ಲಿ ಎರಡು ಹಲ್ಲಿಲ್ಲ. ನಾವು ಸಾವಿರ ಅಂದೆವು. ಅವನು ಸಮುದ್ರದ ಕಡೆ ನೋಡಿದ. ನೀರಿನ ಹತ್ತಿರ ಲೆಕ್ಕ ಕೇಳಿದ ಹಾಗೆ ಕಂಡಿತು. ಆಮೇಲೆ ಸಾವಿರಕ್ಕೆ ಒಪ್ಪಿ ಎರಡು ಬೆರಳು ಎತ್ತಿದ.

"ಟೂ ಓಕ್ಲಾಕ್ ಬ್ಯಾಕ್. ಟೂ ಓಕ್ಲಾಕ್, ವಾಟರ್ ಫಿನಿಷ್."

ನಾವು ತಲೆಯಾಡಿಸಿದೆವು. ಟೂರಿಸ್ಟ್ ಬಸ್ಸಿನ ಡ್ರೈವರ್ ಹೇಳುವ 'ಹದಿನೈದೇ ನಿಮಿಷ'ದ ಥರ ಅಂದುಕೊಂಡೆವು.

ಕೋ ಬಾನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಿಳಿನೀರು, ಮೆತ್ತನೆ ಮರಳು, ಮರದ ನೆರಳು. ನೀವು ನೋಡಿರುವ ಯಾವ ಕ್ಯಾಲೆಂಡರ್ ಆದರೂ ಸರಿ. ತಮ್ಮನ ಗಾಗಲ್ ಕೊನೆಗೂ ಒದ್ದೆಯಾಯಿತು. ನಮ್ಮ ದೋಣಿಯವನು ನೆರಳಲ್ಲಿ ಟೋಪಿ ಮುಖಕ್ಕೆ ಮುಚ್ಚಿ ಮಲಗಿದ. ಅವನ ಜನಕ್ಕೆ ಚಾವ್ ಲೇ ಅನ್ನುತ್ತಾರೆ. ಸಮುದ್ರದ ಜನ ಅಂತ. ಅವರಲ್ಲೇ ಮೋಕೆನ್ ಅನ್ನುವ ಪಂಗಡದ ಮಕ್ಕಳ ಬಗ್ಗೆ ಹಿಂದೆ ಓದಿದ್ದು ಅಲ್ಲಿ ಕೂತಾಗ ನೆನಪಾಯಿತು. ಸ್ವೀಡನ್ನಿನ ಆನ್ನಾ ಗಿಸ್ಲೇನ್ ಅನ್ನುವ ವಿಜ್ಞಾನಿ ಸುರಿನ್ ದ್ವೀಪದ ಮೋಕೆನ್ ಮಕ್ಕಳನ್ನು ಪರೀಕ್ಷೆ ಮಾಡಿ 2003ರಲ್ಲಿ ಬರೆದಿದ್ದರು. ಗಾಗಲ್ ಇಲ್ಲದೆ ನೀರೊಳಗೆ ಈ ಮಕ್ಕಳಿಗೆ ಯುರೋಪಿನ ಮಕ್ಕಳ ಎರಡು ಪಟ್ಟಿಗೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತದಂತೆ. ನೀರಲ್ಲಿ ನಮ್ಮ ಕಣ್ಣಿನ ಪಾಪೆ ಹಿಗ್ಗುತ್ತದೆ, ಎಲ್ಲ ಮಸುಕು. ಅವರು ಪಾಪೆಯನ್ನು ಆದಷ್ಟೂ ಕಿರಿದು ಮಾಡಿಕೊಳ್ಳುತ್ತಾರೆ. ಅಭ್ಯಾಸ ಮಾಡಿಸಿದರೆ ಯುರೋಪಿನ ಮಕ್ಕಳೂ ಕಲಿತರು ಅಂತ ಆಮೇಲೆ ಗೊತ್ತಾಯಿತು. ಇದನ್ನು ತಮ್ಮನಿಗೆ ಹೇಳಿದೆ. ಅವನು ಗಾಗಲ್ ತೆಗೆದು ನೀರೊಳಗೆ ಕಣ್ಣು ಬಿಟ್ಟು ನೋಡಿ, ಕೆಂಪು ಕಣ್ಣು ಮಾಡಿಕೊಂಡು ಎದ್ದು ಬಂದು, ಇನ್ನೊಂದೇ ಸಲ ಅಂತ ಮತ್ತೆ ಹೋದ.

ಹೀಗೆ ಇನ್ನೊಂದೇ ಸಲ ಇನ್ನೊಂದೇ ಸಲ ಅಂತ ಮೂರು ಗಂಟೆಯಾಯಿತು. ಎರಡಕ್ಕೆ ಒಮ್ಮೆ ದೋಣಿಯವನು ಎದ್ದು ಕೈ ಬೀಸಿದ್ದ. ಎರಡೂಕಾಲಿಗೆ ಶಿಳ್ಳೆ ಹಾಕಿದ್ದ. ಆಮೇಲೆ ಸುಮ್ಮನಾದ. ನಾವು ಬಂದು ಹತ್ತಿದಾಗಲೂ ಏನೂ ಅನ್ನಲಿಲ್ಲ. ತಮ್ಮ ಮೂತಿಯ ಮೇಲೆ ಕಾಲಿಟ್ಟಾಗ ಮಾತ್ರ ಜೋರಾಗಿ ಏನೋ ಅಂದ. ನಾವು ತಡ ಮಾಡಿದ್ದಕ್ಕೆ ಅವನ ಹತ್ತಿರ ಸಿಟ್ಟು ಇರಲಿಲ್ಲ, ತಾಯಿಯನ್ನು ತುಳಿದದ್ದಕ್ಕೆ ಇತ್ತು.

ದಡ ಕಾಣಿಸುತ್ತಿದ್ದಂತೆ ಎಂಜಿನ್ ಸದ್ದು ಬದಲಾಯಿತು. ಅವನು ಹಿಡಿಯನ್ನು ಒತ್ತಿ ಒತ್ತಿ ಫ್ಯಾನನ್ನು ಮೇಲೆತ್ತುತ್ತಿದ್ದ. ಮೊದಲು ನೀಲಿ ನೀರು, ಆಮೇಲೆ ಹಾಲು ಬೆರೆಸಿದ ಟೀ ಬಣ್ಣದ ನೀರು, ಆಮೇಲೆ ಫ್ಯಾನು ಎರಚಿದ್ದು ಬರೀ ಕೆಸರು. ಎಂಜಿನ್ ಆರಿಸಿದ. ಇಳಿದು ತಳ್ಳಿದ. ದೋಣಿ ಒಂದು ಮಾರು ಹೋಗಿ ಉಸ್ಸಂತ ಕೂತುಬಿಟ್ಟಿತು. ದಡ ಇನ್ನೂ 150 ಮೀಟರ್ ಇತ್ತು. ಅವನು ಲಂಗರು ಎಸೆದು, ದಡದ ಕಡೆ ಕೈ ತೋರಿಸಿ, ಎರಡು ಬೆರಳನ್ನು ಕಾಲಿನ ಹಾಗೆ ಆಡಿಸಿದ. ನಡೀರಿ.

ಆ 150 ಮೀಟರ್ ನಡೆಯೋಕೆ ನಮಗೆ ಇಪ್ಪತ್ತು ನಿಮಿಷ ಹಿಡಿಯಿತು. ಒಂದು ಕಾಲು ಕೀಳುವಷ್ಟರಲ್ಲಿ ಇನ್ನೊಂದು ಹೂತು ಹೋಗುತ್ತದೆ. ಹವಾಯಿ ಚಪ್ಪಲಿಯನ್ನು ಕೆಸರು ಉಳಿಸಿಕೊಂಡಿತು, ನಾವು ಬರೀ ಪಟ್ಟಿ ಹಿಡಿದು ನಡೆದೆವು. ಚಪ್ಪಲಿ ಬಿಟ್ಟು ನಡೆದ ಮೂರನೇ ನಿಮಿಷಕ್ಕೆ ನನ್ನ ಅಂಗಾಲಿಗೆ ಸಿಂಪಿ ಕೊಯ್ದಿತು. ಬ್ಲೇಡಿನಲ್ಲಿ ಕೊಯ್ದ ಹಾಗೆ, ನೋವಿಗಿಂತ ಮೊದಲು ರಕ್ತವೇ ಕಂಡಿತು. ದೋಣಿಯವನು ನಮ್ಮ ಮುಂದೆ ಬರಿಗಾಲಲ್ಲಿ ರಸ್ತೆಯ ಮೇಲೆ ಹೋಗುವ ಹಾಗೆ ಹೋಗುತ್ತಿದ್ದ. ಎಲ್ಲಿ ಗಟ್ಟಿ, ಎಲ್ಲಿ ಹೊಂಡ ಅಂತ ಅವನ ಕಾಲಿಗೆ ಗೊತ್ತಿತ್ತು. ಅರ್ಧ ದಾರಿ ಆದಮೇಲೆ ನಮಗೆ ಬುದ್ಧಿ ಬಂದು ಅವನ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟೆವು.

ಕಾಲು ತೊಳೆಯೋಕೆ ನೀರು ಸಿಕ್ಕಿದ್ದು ಚಾವ್ ಲೇ ಕೇರಿಯಲ್ಲಿ. ಒಬ್ಬಳು ಅಜ್ಜಿ ಪೈಪ್ ಹಿಡಿದು ನೀರು ಬಿಟ್ಟಳು. ಗಾಯ ನೋಡಿ ನಾಲಿಗೆಯಲ್ಲಿ ಚಚ್ ಅಂದಳು. ತಗಡಿನ ಮನೆಗಳು, ಒಂದರ ಮೈಗೆ ಒಂದು ಅಂಟಿಕೊಂಡು. ಮನೆ ಮುಂದೆ ಕೋಣೆಯಷ್ಟು ದೊಡ್ಡ ಮೀನಿನ ಗೂಡುಗಳು. ಕೋಲಿನ ಚೌಕಟ್ಟು, ಸುತ್ತ ತಂತಿ ಬಲೆ, ಒಳಗೆ ಹೋದ ಮೀನು ಹೊರಗೆ ಬರದಂಥ ಬಾಯಿ. ಇದನ್ನು ಸಮುದ್ರದ ತಳಕ್ಕೆ ಇಳಿಸಿ, ಆಮೇಲೆ ಮುಳುಗಿ ಹೋಗಿ ಮೀನು ತೆಗೆಯುತ್ತಾರೆ. ಮೇಲೆ ದೋಣಿಯಲ್ಲಿ ಕಂಪ್ರೆಸರ್ ಓಡುತ್ತಿರುತ್ತದೆ, ಅದರ ಪೈಪನ್ನು ಬಾಯಲ್ಲಿ ಕಚ್ಚಿಕೊಂಡು ಮುಳುಗುವುದು. ಆಳದಿಂದ ಬೇಗ ಮೇಲೆ ಬಂದರೆ ರಕ್ತದಲ್ಲಿ ಗಾಳಿ ಗುಳ್ಳೆಯಾಗುತ್ತದೆ, ಕೈಕಾಲು ಬಿದ್ದು ಹೋಗಬಹುದು. ಇಲ್ಲಿನ ಮುಳುಗುಗಾರರಲ್ಲಿ ಆ ಕಾಯಿಲೆ ಇರುವುದು ವೈದ್ಯರಿಗೂ ಗೊತ್ತಿರುವ ವಿಷಯ. ಹೀಗೆ ತಂದ ಮೀನು, ಸಿಗಡಿ, ಏಡಿಯನ್ನು ರಸ್ತೆ ಬದಿಯಲ್ಲೇ ಮಾರುತ್ತಾರೆ. ಪ್ರವಾಸಿಗರು ಆರಿಸಿ ತೂಕ ಹಾಕಿಸಿ, ಎದುರಿನ ಹೋಟೆಲಿಗೆ ಕೊಟ್ಟು ಅಡುಗೆ ಮಾಡಿಸಿಕೊಳ್ಳುತ್ತಾರೆ. ನಾವೂ ಹಿಂದಿನ ರಾತ್ರಿ ಅಲ್ಲೇ ಉಂಡಿದ್ದೆವು. ರುಚಿ ಚೆನ್ನಾಗಿತ್ತು, ಕೇರಿಯನ್ನು ನೋಡಿರಲಿಲ್ಲ.

ಈ ಕೇರಿಯಲ್ಲಿ ಹೆಚ್ಚಿನವರು ಉರಾಕ್ ಲಾವೋಯ್ ಜನ. ಅವರ ಭಾಷೆ ಮಲಯ್ ಭಾಷೆಯ ನೆಂಟ, ಲಿಪಿ ಇರಲಿಲ್ಲ. ವರ್ಷಕ್ಕೆ ಎರಡು ಸಲ, ಅವರ ಆರನೇ ಮತ್ತು ಹನ್ನೊಂದನೇ ಚಂದ್ರಮಾಸದ ಹುಣ್ಣಿಮೆಗೆ, ಒಂದು ಸಣ್ಣ ದೋಣಿ ಮಾಡಿ ಅದರಲ್ಲಿ ತಮ್ಮ ಕೂದಲು, ಉಗುರು ಕತ್ತರಿಸಿ ಹಾಕಿ ಸಮುದ್ರಕ್ಕೆ ಬಿಡುತ್ತಾರೆ. ಮನೆಯ ಕೇಡೆಲ್ಲ ಅದರ ಜೊತೆ ಹೋಗಲಿ ಅಂತ.

ಕೇಡು ಬಂದದ್ದು ಮಾತ್ರ ನೆಲದ ಕಡೆಯಿಂದ. ದ್ವೀಪಕ್ಕೆ ಪ್ರವಾಸಿಗರು ಬಂದರು, ನೆಲಕ್ಕೆ ಬೆಲೆ ಬಂತು, ಅವರು ಮನೆ ಕಟ್ಟಿಕೊಂಡಿದ್ದ ಜಾಗದ ಕಾಗದ ಬೇರೆಯವರ ಹೆಸರಲ್ಲಿತ್ತು. ಮನೆ ಖಾಲಿ ಮಾಡಿಸಲು ಕೋರ್ಟಿಗೆ ಹೋದರು. ಇವರ ಬಳಿ ಕಾಗದ ಇಲ್ಲ. ಇದ್ದದ್ದು 1959ರಲ್ಲಿ ದೊರೆ ಭೂಮಿಬೋಲ್ ಈ ಕೇರಿಗೆ ಬಂದಾಗ ತೆಗೆದ ಚಿತ್ರಗಳು. ಹೂತ ಹಿರಿಯರ ಮೂಳೆಗಳು. ಮೂಳೆಯ ಡಿಎನ್‌ಎ ತೆಗೆದು ಬದುಕಿರುವವರ ಜೊತೆ ಹೋಲಿಸಿ, ನಾವು ಇಲ್ಲಿಯವರೇ ಅಂತ ತೋರಿಸಬೇಕಾಯಿತು. 2010ರಲ್ಲಿ ಥಾಯ್ ಸಂಪುಟ ಈ ಜನರ ಬದುಕನ್ನು ಕಾಪಾಡಬೇಕು ಅಂತ ನಿರ್ಣಯ ಮಾಡಿತ್ತು. ಆದರೂ 2016ರ ಜನವರಿಯಲ್ಲಿ ಜಮೀನಿನ ಹಕ್ಕು ತಮ್ಮದು ಅಂದವರ ಕಡೆಯ ಗಂಡಸರು ಬಂದು ದಾರಿಗೆ ಅಡ್ಡ ಬಂಡೆ ಹಾಕಿದರು. ಇವರು ಸಮುದ್ರಕ್ಕೆ, ತಮ್ಮ ದೇವರ ಗುಡಿಗೆ ಹೋಗುವ ದಾರಿ ಅದು. ಹೊಡೆದಾಟವಾಗಿ ಹಲವರಿಗೆ ಗಾಯವಾಯಿತು. ಹಿಂದಿನ ದಿನ 'ಬೀಚಿಗೆ 2 ನಿಮಿಷ' ಅಂತ ನಾನು ಎಷ್ಟು ಲಘುವಾಗಿ ಗೊಣಗಿದ್ದೆ ಅಂತ ನೆನಪಾಗಿ ಮುಜುಗರವಾಯಿತು.

ಸಂಜೆ ಎಲ್ಲರೂ ಸೂರ್ಯಾಸ್ತ ನೋಡೋಕೆ ಪ್ರೊಮ್‌ಥೆಪ್ ತುದಿಗೆ ಹೋದರು. ರವಾಯ್‌ನಿಂದ ಸೂರ್ಯ ಮುಳುಗುವುದು ಕಾಣುವುದಿಲ್ಲ, ಗುಡ್ಡ ಅಡ್ಡ. ನನ್ನ ಕಾಲಿಗೆ ಪಟ್ಟಿ, ಹಾಗಾಗಿ ಕಟ್ಟೆಯ ಮೇಲೆ ಕೂತೆ. ತಮ್ಮ ಯಾಕೋ ತಾನೂ ಹೋಗುವುದಿಲ್ಲ ಅಂದ. ಅಪರಾಧ ಭಾವ ಇರಬೇಕು. ಐದು ಗಂಟೆಗೆ ನೀರು ಎಲ್ಲಕ್ಕಿಂತ ದೂರ ಹೋಗಿತ್ತು. ಸಮುದ್ರ ಹಿಂದೆ ಸರಿದದ್ದು ನೋಡಿ 2004ರ ಸುನಾಮಿಯ ದಿನ ಮೋಕೆನ್ ಹಿರಿಯರು ಗುಡ್ಡ ಹತ್ತಿಸಿದ ಕತೆ ತಮ್ಮನಿಗೆ ಹೇಳಿದೆ. ಮನುಷ್ಯರನ್ನು ತಿನ್ನುವ 'ಲಾಬೂನ್' ಅನ್ನುವ ಅಲೆ ಬರುವ ಮುಂಚೆ ನೀರು ಓಡಿಹೋಗುತ್ತದೆ ಅಂತ ಅಜ್ಜಂದಿರು ಹೇಳಿದ್ದ ಕತೆ ಅವರಿಗೆ ನೆನಪಿತ್ತು. ಸುರಿನ್ ದ್ವೀಪದವರು ಹಾಗೆ ಬದುಕಿದರು. ದಿನಕ್ಕೆರಡು ಸಲ ಹಿಂದೆ ಹೋಗುವ ನೀರು ಗೊತ್ತಿದ್ದವರಿಗೇ, ಹೋಗಬಾರದ ಹೊತ್ತಿಗೆ ಹೋದ ನೀರು ಗೊತ್ತಾಗುವುದು.

ಕತ್ತಲಾಯಿತು. ಏಳು ಗಂಟೆ ಹೊತ್ತಿಗೆ ಎದುರಿಗೆ, ದ್ವೀಪಗಳ ಸಂದಿಯಿಂದ ಚಂದ್ರ ಬಂದ. ಒಂದು ದಿನ ಹಳೆಯ ಚಂದ್ರ, ಅಂಚು ಸ್ವಲ್ಪ ಸವೆದಿತ್ತು. ಅವನ ಬೆಳಕಲ್ಲಿ ಕೆಸರು ಮಿಣುಕುವುದು ಕಂಡಿತು. ಮಿಣುಕುತ್ತಿದ್ದದ್ದು ನೀರು. ಸದ್ದಿಲ್ಲದೆ ಬರುತ್ತಿತ್ತು. ಅಲೆ ಇಲ್ಲ, ನೊರೆ ಇಲ್ಲ. ಸಣ್ಣ ಹೊಂಡಗಳು ಒಂದಕ್ಕೊಂದು ಕೂಡಿಕೊಂಡವು. ನೋಡುತ್ತಿದ್ದ ಕಲ್ಲು ಒಂದು ನಿಮಿಷದ ಮೇಲೆ ಇರಲಿಲ್ಲ.

ದೂರದ ದೋಣಿಗಳು ಮೊದಲು ಎದ್ದವು. ವಾಲಿದ್ದ ದೋಣಿಯ ಕೆಳಗೆ ನೀರು ಬಂದಾಗ ಅದು ಮೊದಲು ಸುಮ್ಮನಿರುತ್ತದೆ. ಆಮೇಲೆ ಸಣ್ಣಗೆ ನಡುಗುತ್ತದೆ. ಆಮೇಲೆ ನಿದ್ದೆಗಣ್ಣಲ್ಲಿ ಮಗ್ಗುಲು ಬದಲಾಯಿಸಿದ ಹಾಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ, ಕೊನೆಗೆ ನೆಟ್ಟಗೆ. ನೆಟ್ಟಗಾದದ್ದೇ ಮೂತಿಯನ್ನು ನೀರು ಬರುವ ಕಡೆ ತಿರುಗಿಸಿಕೊಳ್ಳುತ್ತದೆ. ಒಂದಾದ ಮೇಲೆ ಒಂದು. ತಮ್ಮ ಎಣಿಸುತ್ತಿದ್ದ. ಹನ್ನೊಂದು, ಹನ್ನೆರಡು. ಎಲ್ಲಕ್ಕಿಂತ ಆಚೆ, ಒಂಟಿಯಾಗಿ, ಅಡ್ಡಾದಿಡ್ಡಿ ನಿಂತಿದ್ದ ಒಂದು ದೋಣಿ ಆಗಲೇ ಎದ್ದು ಹಗ್ಗ ಜಗ್ಗುತ್ತಿತ್ತು.

"ಅದು ನಮ್ಮದಲ್ವಾ?" ಅಂದ.

ನಮ್ಮದೇ. ಅದು ಅಲ್ಲಿ ನಿಲ್ಲುವ ದೋಣಿ ಆಗಿರಲಿಲ್ಲ. ಎರಡು ಗಂಟೆಗೆ ಬಂದಿದ್ದರೆ ಉಳಿದವುಗಳ ಸಾಲಿನಲ್ಲಿ, ತನ್ನ ಗೂಟಕ್ಕೆ ಕಟ್ಟಿಸಿಕೊಂಡು ಇರುತ್ತಿತ್ತು. ಅಷ್ಟರಲ್ಲಿ ಕಟ್ಟೆಯ ಪಕ್ಕದಿಂದ ಒಬ್ಬ ಇಳಿದು ನೀರಿನಲ್ಲಿ ನಡೆಯತೊಡಗಿದ. ಹಲ್ಲಿಲ್ಲದ ನಮ್ಮ ಮನುಷ್ಯ. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ತೊಡೆ. ಊಟದ ಹೊತ್ತು. ನಾವು ಇನ್ನೊಂದೇ ಸಲ ಅಂದ ಒಂದು ಗಂಟೆಯನ್ನು ಅವನು ಈಗ ನೀರಲ್ಲಿ ನಡೆದು ತೀರಿಸುತ್ತಿದ್ದ. ತಮ್ಮ ಗಾಗಲ್‌ನ ಪಟ್ಟಿ ಎಳೆದು ಬಿಡುತ್ತಾ ಕೂತಿದ್ದ.

ಅವನು ಎಂಜಿನ್ ಹಾಕಲಿಲ್ಲ. ಲಂಗರು ಎತ್ತಿ ಒಂದು ಗಳ ತೆಗೆದು ಒತ್ತುತ್ತಾ, ದೋಣಿಗಳ ಸಂದಿಯಲ್ಲಿ ನಿಧಾನವಾಗಿ ಬಂದ. ಗೂಟಕ್ಕೆ ಹಗ್ಗ ಕಟ್ಟಿದ. ಮೂತಿಯ ಹಾರ ಜಾರಿತ್ತು, ಅದನ್ನು ಸರಿ ಮಾಡಿದ. ಇಳಿದು ಬಂದು ಕಟ್ಟೆ ಹತ್ತುವಾಗ ನಮ್ಮನ್ನು ನೋಡಿದ. ತಮ್ಮ ಎದ್ದು ನಿಂತು ಜೇಬಿನಿಂದ ಇನ್ನೂರು ಬಾತ್ ತೆಗೆದ. ಬೆಳಿಗ್ಗೆ ಚೌಕಾಸಿ ಮಾಡಿ ಉಳಿಸಿದ ಅದೇ ಇನ್ನೂರು. ಅವನು ತೆಗೆದುಕೊಂಡು ಒದ್ದೆ ಚಡ್ಡಿಯ ಜೇಬಿಗೆ ತುರುಕಿದ. ನನ್ನ ಕಾಲಿನ ಪಟ್ಟಿ ನೋಡಿದ. ಆಮೇಲೆ ಸಮುದ್ರದ ಕಡೆ, ಬೆಳಿಗ್ಗೆ ನೋಡಿದ ಹಾಗೇ ಒಮ್ಮೆ ನೋಡಿದ.

"ಟುಮಾರೋ," ಅಂದ, "ಟೂ ಫಿಫ್ಟಿ."